ಹಾಲೇಶಪ್ಪನವರ ಕೂರುವ ಪೆಟ್ಟಿಗೆ

ಫೋನು ಈಗ ನ್ಯಾಮತಿಯ ನೇತ್ರಾಳ ಕೈಯಲ್ಲಿದೆ. ಹೋದ ತಿಂಗಳು ಬಂದು ಫೋನು, ಚಾರ್ಜರು, ನನ್ನ ನೋಟ್‌ಬುಕ್ಕುಗಳನ್ನು ಸೀರೆ ಅಂಗಡಿಯ ಚೀಲದಲ್ಲಿ ಹಾಕಿಕೊಂಡು ಹೋದಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ, "ಅಕ್ಕಾ, ಏನ್ ಕೇಳ್ಬೇಕು, ಹೆಂಗ್ ಮಾತಾಡ್ಬೇಕು, ಒಂದ್ ಹಾಳೇಲಿ ಬರ್ಕೊಡ್ರಿ" ಎಂದಳು. ಒಂದು ಹಾಳೆಯಲ್ಲಿ ಹಿಡಿಸಲಿಲ್ಲ.

ಸಾವಾದ ಮನೆಯವರು ಕರೆ ಮಾಡಿದರೆ ಫೋನು ಎತ್ತುವುದು, ಊರು, ಮನೆ, ಗುರುತು ಬರೆದುಕೊಳ್ಳುವುದು, ದೇಹ ಕೆಡದಂತೆ ಇಡುವ ತಣ್ಣನೆಯ ಪೆಟ್ಟಿಗೆಯನ್ನು ಗಾಡಿಯಲ್ಲಿ ಕಳಿಸುವುದು. ಇಷ್ಟೇ ನನ್ನ ಕೆಲಸ. ಚನ್ನಗಿರಿಯ ನಮ್ಮ ಮನೆಯ ನಡುಮನೆಯಲ್ಲಿ ಕೂತು ಹತ್ತೊಂಬತ್ತು ವರ್ಷ ಮಾಡಿದೆ. ಬಲಗಿವಿ ಮಂದವಾದ ಮೇಲೆ ಬಿಟ್ಟೆ. ಅದನ್ನು ಕೆಲಸ ಎಂದು ನಾನೂ ಹೇಳಿಕೊಳ್ಳಲಿಲ್ಲ. ಜನಗಣತಿಯವರು ಬಂದಾಗಲೂ 'ಗೃಹಿಣಿ' ಎಂದೇ ಬರೆಸಿದೆ. ಆ ಹೊತ್ತಿಗೇ ಫೋನು ಬಡಿದುಕೊಂಡಿತ್ತು, ಒಳಗೆ ಎದ್ದು ಹೋಗಿದ್ದೆ.

ಪೆಟ್ಟಿಗೆ, ಗಾಡಿ, ಫೋನು ಎಲ್ಲವೂ ಹಾಲೇಶಪ್ಪನವರದು. ಅವರು ತೀರಿಕೊಂಡ ಮೇಲೆ ನಡೆದ ಸಭೆಯಲ್ಲಿ ಅವರು ಶಾಲೆಗಳಿಗೆ ಕೊಟ್ಟ ಬೆಂಚು, ಬಸ್ ನಿಲ್ದಾಣದ ಕುಡಿಯುವ ನೀರು, ಹೆಣ್ಣುಮಕ್ಕಳ ಹಾಸ್ಟೆಲಿಗೆ ಕಟ್ಟಿಸಿದ ಕೋಣೆ ಎಲ್ಲದರ ಮಾತೂ ಬಂತು. ಈ ಪೆಟ್ಟಿಗೆಯ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ಎತ್ತದೇ ಇದ್ದುದಕ್ಕೆ ಕಾರಣವಿತ್ತು. ಆ ಕಾರಣದಲ್ಲಿ ನಾನೂ ಇದ್ದೇನೆ.

ಅವರು ಹೊನ್ನಾಳಿ ತಾಲ್ಲೂಕಿನವರು. ಸೈಕಲ್ಲಿನ ಹಿಂದೆ ಮರದ ಡಬ್ಬಿ ಕಟ್ಟಿಕೊಂಡು ಐಸ್ ಕ್ಯಾಂಡಿ ಮಾರುತ್ತಾ ಮೇಲೆ ಬಂದವರು. ಚನ್ನಗಿರಿಯ ಹೊರಗೆ ಐಸ್ ಫ್ಯಾಕ್ಟರಿ ಹಾಕಿದ ಮೇಲೆ 'ಐಸ್ ಹಾಲೇಶಪ್ಪ' ಎಂದೇ ಹೆಸರಾಯಿತು. ಒಂದು ಬೇಸಿಗೆಯಲ್ಲಿ ಯಾರೋ ಬಂದು, ತಾಯಿ ತೀರಿಕೊಂಡಿದ್ದಾಳೆ, ಅಕ್ಕ ಬರುವವರೆಗೆ ಇಡಬೇಕು, ಒಂದು ಐಸ್ ಗಡ್ಡೆ ಕೊಡಿ ಎಂದರಂತೆ. ಕೊಟ್ಟರು. ಹಣ ಮುಟ್ಟಲಿಲ್ಲ. ಅಲ್ಲಿಂದ ಅದು ಪದ್ಧತಿಯಾಯಿತು. ಎದುರಾಳಿಗಳು ಸುಮ್ಮನಿರುತ್ತಾರೆಯೇ? "ಹೆಣಕ್ಕಿಟ್ಟ ಐಸಲ್ಲೇ ಕ್ಯಾಂಡಿ ಮಾಡ್ತಾನೆ" ಎಂದು ಹಬ್ಬಿಸಿದರು. ಅಂಗಡಿಗಳಿಂದ ಕ್ಯಾಂಡಿ ಡಬ್ಬಿಗಳು ತಿರುಗಿ ಬಂದವು. ಜನ ಒಂದನ್ನು ಬಿಡು ಎಂದರೆ, ಅವರು ಕ್ಯಾಂಡಿಯನ್ನು ಬಿಟ್ಟರು. "ಕ್ಯಾಂಡಿ ಯಾರಾದ್ರೂ ಮಾಡ್ತಾರೆ. ಇದನ್ನ ಯಾರು ಮಾಡ್ತಾರೆ?" ಎಂದರಂತೆ.

ನಾನು ಅವರನ್ನು ಮೊದಲು ನೋಡಿದ್ದು ನಮ್ಮ ಅತ್ತೆ ತೀರಿಕೊಂಡ ದಿನ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಉಸಿರು ನಿಂತ ಸ್ವಲ್ಪ ಹೊತ್ತಿಗೇ, ಮೈ ಬಿಗಿಯುವ ಮೊದಲು, ಕಾಲು ಮಡಿಸಿ, ಗೋಡೆಗೆ ಒರಗಿಸಿ, ಪೂಜೆಗೆ ಕೂತವರ ಹಾಗೆ ಕೂರಿಸುತ್ತೇವೆ. ಹಣೆಗೆ ವಿಭೂತಿ ಹಚ್ಚುತ್ತೇವೆ. ಕೂತ ಹಾಗೆಯೇ ಮಣ್ಣು ಮಾಡುವುದು. ಹಾಲೇಶಪ್ಪನವರು ತಾವೇ ಟೆಂಪೋದಲ್ಲಿ ಐಸ್ ತಂದು, ಗೋಣಿತಾಟು ಹಾಸಿ, ಭತ್ತದ ಹೊಟ್ಟು ಸುರಿದು, ಅತ್ತೆಯ ಸುತ್ತ ಗಡ್ಡೆಗಳನ್ನು ಜೋಡಿಸಿದರು. ಕರಗಿದ ನೀರು ಅತ್ತೆಯ ಸೀರೆಯಂಚಿಗೆ ತಾಗದಂತೆ ಒಂದು ತಾಟನ್ನು ನಾಲ್ಕು ಮಡಿಕೆ ಮಾಡಿ ಒಡ್ಡು ಕಟ್ಟಿದರು. ಆಮೇಲೆ ಹೊರಗೆ ಗೇಟಿನ ಹತ್ತಿರ ಹೋಗಿ ನಿಂತರು. ಸಾವಿಗೆ ಐಸ್ ತಂದವರನ್ನು ಯಾರೂ ಕೂರು ಎನ್ನುವುದಿಲ್ಲ. ಪಕ್ಕದ ಮನೆಯಿಂದ ಬಂದ ಕಾಫಿಯಲ್ಲಿ ಒಂದು ಲೋಟ ಒಯ್ದು ಕೊಟ್ಟೆ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದರು. ಬೆರಳ ತುದಿಗಳು ಐಸಿಗೆ ಬಿಳುಚಿಕೊಂಡಿದ್ದವು.

"ಸಾವಿನ ಮನೇಲಿ ನಂಗೆ ಕಾಫಿ ಕೊಟ್ಟೋರು ನೀವೇ ಮೊದ್ಲು ಕಣ್ ತಂಗೀ" ಎಂದರು.

ತಿಂಗಳು ಕಳೆದ ಮೇಲೆ ಮನೆಗೆ ಬಂದರು. ಐಸ್ ಗಡ್ಡೆಯ ಬದಲು ಕರೆಂಟಿನ ಪೆಟ್ಟಿಗೆ, ಒಂದು ಗಾಡಿ ತಂದಿದ್ದಾರೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿಯಲ್ಲದೆ ಅವರ ತಾಯಿಯ ತವರಾದ ಜಗಳೂರಿನವರೆಗೂ ಕಳಿಸಬೇಕೆಂದಿದ್ದಾರೆ. ಆದರೆ ಫೋನು ಹಿಡಿಯುವವರಿಲ್ಲ. "ಫ್ಯಾಕ್ಟರೀಲಿ ಮಿಷನ್ ಸದ್ದು. ನಮ್ಮ ಹುಡುಗ್ರು 'ಯಾರ್ ಸತ್ತಿರೋದು, ಜೋರಾಗ್ ಹೇಳು' ಅಂತ ಕಿರುಚ್ತಾವೆ. ಅತ್ಕೊಂಡ್ ಮಾತಾಡೋರಿಗೆ ಹಂಗ್ ಅನ್ನಬಾರ್ದಮ್ಮ. ನಿಮ್ ದನಿ ಮೆತ್ತಗೈತೆ."

ನಮ್ಮ ಮನೆಯವರಿಗೆ ಇಷ್ಟವಿರಲಿಲ್ಲ. "ಬೆಳಗಾದ್ರೆ ದೇವರ ದೀಪಕ್ಕಿಂತ ಮುಂಚೆ ಸಾವಿನ ಸುದ್ದಿ ಬರ್ತೈತೆ ನೋಡು" ಎಂದರು. ಪಕ್ಕದ ಶಾಂತಕ್ಕನಂತೂ, "ನಿಮ್ಮನೆ ಫೋನ್ ಬಡ್ಕೊಂಡ್ರೆ ನನ್ನೆದೆ ಬಡ್ಕೋತೈತೆ ಕಣೇ" ಎನ್ನುತ್ತಿದ್ದಳು. ನಿಜವೆಂದರೆ, ಕರೆ ಬಂದಾಗ ಯಾರು, ಎಲ್ಲಿ ಎಂದು ಮೊದಲು ಓಡಿಬಂದು ಕೇಳುತ್ತಿದ್ದವಳೂ ಅವಳೇ.

ನನ್ನ ಮೊದಲ ತಪ್ಪು ಎರಡನೇ ದಿನವೇ ಆಯಿತು. ನಾನು ಓದಿದ್ದು ಕಾನ್ವೆಂಟಿನಲ್ಲಿ. ಫೋನು ಇಡುವ ಮೊದಲು ಥ್ಯಾಂಕ್ಯೂ ಅನ್ನಬೇಕೆಂದು ಸಿಸ್ಟರುಗಳು ಬೆತ್ತದ ತುದಿಯಿಂದ ಕಲಿಸಿದ್ದರು. ನ್ಯಾಮತಿ ಕಡೆಯ ಒಬ್ಬರು ಅಣ್ಣನ ಸಾವು ಹೇಳಿ, ವಿಳಾಸ ಹೇಳಿ ಮುಗಿಸಿದಾಗ ಬಾಯಿಂದ ಅದೇ ಬಂತು. "ನಮ್ಮಣ್ಣ ಸತ್ತಿದ್ದಕ್ಕೆ ಥ್ಯಾಂಕ್ಸ್ ಹೇಳ್ತೀಯೇನಮ್ಮ?" ಎಂದರು. ಗಾಡಿಯ ಡ್ರೈವರ್ ತಿಪ್ಪೇಶಣ್ಣ ಇದನ್ನು ಕೇಳಿ ನನ್ನನ್ನು ವರ್ಷಗಟ್ಟಲೆ 'ಥ್ಯಾಂಕ್ಯೂ ಅಕ್ಕ' ಎಂದೇ ಕರೆದ. ನೇತ್ರಾ, ಏನೂ ತೋಚದಿದ್ದರೆ "ಕಳಿಸ್ತೀವಿ" ಎಂದು ಹೇಳಿ ಇಡು. ಆ ಒಂದು ಮಾತು ಸಾಕು. 'ಬಾಡಿ' ಅನ್ನಬೇಡ. ಅವರು ಅಜ್ಜ ಎಂದರೆ ನೀನೂ ಅಜ್ಜ ಅನ್ನು.

ಎರಡನೇ ತಪ್ಪಿಗೆ ನಗುವ ಹಾಗಿಲ್ಲ.

ಹೊನ್ನಾಳಿ ಕಡೆಯ ಒಂದು ಹಳ್ಳಿ. ತೊಂಬತ್ತರ ಅಂಚಿನ ಅಜ್ಜ, ಬೆಳಿಗ್ಗೆ ಹೋಗಿದ್ದರು. ಮಗಳು ಗಿರಿಜಮ್ಮ ದೂರದಲ್ಲಿದ್ದಾಳೆ, ನಾಳೆ ಬರುತ್ತಾಳೆ ಎಂದರು. ನಾನು ಊರು ಕೇಳಿದೆ, ಮನೆಯ ಗುರುತು ಕೇಳಿದೆ, ಕರೆಂಟು ಇದೆಯೇ ಎಂದು ಕೇಳಿದೆ. ಗಾಡಿ ಕಳಿಸಿದೆ. ಹೊಸ ಪೆಟ್ಟಿಗೆ ಉದ್ದಕ್ಕೆ ಮಲಗಿಸುವಂಥದು, ಪೇಟೆಯಿಂದ ತಂದದ್ದು. ಹೊಳೆಯುವ ಸ್ಟೀಲು, ಮೇಲೆ ಗಾಜು. ಪೆಟ್ಟಿಗೆ ಬಂದ ಮೇಲೆ ಕೂರಿಸಿದರಾಯಿತೆಂದು ಹಿರಿಯರು ಸಮಾಧಿಯ ಜಾಗ ನೋಡಲು ತೋಟದ ಕಡೆ ಹೋಗಿದ್ದರು. ಮನೆಯಲ್ಲಿದ್ದ ಹುಡುಗರು ಪೆಟ್ಟಿಗೆಯ ಅಂದಕ್ಕೆ ಬೆರಗಾಗಿ, ಅಜ್ಜನನ್ನು ಅದರಲ್ಲಿ ಉದ್ದಕ್ಕೆ ಮಲಗಿಸಿ ಮುಚ್ಚಿದರು. ಕೂರಿಸುವ ಮನೆಯೋ ಮಲಗಿಸುವ ಮನೆಯೋ ಎಂದು ನಾನು ಕೇಳಿರಲಿಲ್ಲ. ಐಸ್ ಗಡ್ಡೆಯ ಕಾಲದಲ್ಲಿ ಕೇಳುವ ಅಗತ್ಯವೂ ಇರಲಿಲ್ಲ. ಕೂತವರ ಸುತ್ತಲೂ ಐಸು ಜೋಡಿಸಬಹುದಿತ್ತು.

ಮಾರನೆಯ ದಿನ ತೆಗೆದಾಗ ಅಜ್ಜ ಹಲಗೆಯ ಹಾಗಿದ್ದರು. ಕಾಲು ಮಡಿಯಲಿಲ್ಲ. ಸೊಂಟ ಬಾಗಲಿಲ್ಲ. ಅಂಗಳದ ಬಿಸಿಲಿಗೆ ತಂದಿಟ್ಟರು. ಹಂಡೆಯಲ್ಲಿ ನೀರು ಕಾಯಿಸಿ, ಪಂಚೆ ಅದ್ದಿ, ಮೊಣಕಾಲಿಗೆ ಸುತ್ತಿದರು. ಆಮೇಲೆ ನಾಲ್ಕು ಜನ ಹಿಡಿದು ಒತ್ತಿದರು. ಗಿರಿಜಮ್ಮ ಬಸ್ಸಿಳಿದು ಅಂಗಳಕ್ಕೆ ಬಂದದ್ದು ಆ ಹೊತ್ತಿಗೆ. ಅವರ ಕೈಯಲ್ಲಿ ಅಪ್ಪನಿಗೆಂದು ತಂದ ಹೊಸ ಟವೆಲ್ಲು ಇತ್ತಂತೆ, ಬೆಲೆಚೀಟಿ ಇನ್ನೂ ಕಿತ್ತಿರಲಿಲ್ಲವಂತೆ. ತಿಪ್ಪೇಶಣ್ಣ ಇಷ್ಟು ಹೇಳಿ ನಿಲ್ಲಿಸಿದ. ಏನು ಸದ್ದು ಬಂತೆಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಮೂರನೆಯ ದಿನ ಹಾಲೇಶಪ್ಪನವರ ಜೊತೆ ಆ ಮನೆಗೆ ಹೋದೆ. ಬಾಗಿಲಲ್ಲೇ ಅವರು ಕೈಮುಗಿದು, "ತಪ್ಪು ನಂದು. ಕೂತು ಹೋಗೋ ಕುಲದಾಗೆ ಹುಟ್ಟಿ ಮಲಗ್ಸೋ ಪೆಟ್ಟಿಗೆ ತಂದೆ" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಗಿರಿಜಮ್ಮ ನನ್ನ ಕಡೆ ನೋಡಿ ಕೇಳಿದರು: "ಫೋನ್ ತಗೊಂಡೋರು ನೀವೇ ಏನ್ರೀ?"

"ಹೌದಮ್ಮ."

"ಒಂದ್ ಮಾತು ಕೇಳಿದ್ರೆ ಆಗ್ತಿತ್ತಲ್ರೀ."

ಅಷ್ಟೇ ಅಂದದ್ದು. ಅಂದಿನಿಂದ ನನ್ನ ನೋಟ್‌ಬುಕ್ಕಿನ ಪ್ರತಿ ಪುಟದ ತಲೆಗೆ ಮೊದಲ ಪ್ರಶ್ನೆ ಅದೇ: ಕೂರಿಸುವುದೋ, ಮಲಗಿಸುವುದೋ. ಊರಿಗಿಂತ ಮೊದಲು, ಹೆಸರಿಗಿಂತ ಮೊದಲು.

ಹಾಲೇಶಪ್ಪನವರು ಹೊನ್ನಾಳಿಯ ವೆಲ್ಡಿಂಗ್ ಅಂಗಡಿಯೊಂದರಲ್ಲಿ ಕೂರುವ ಪೆಟ್ಟಿಗೆ ಮಾಡಿಸಿದರು. ತಣ್ಣಗಿಡುವ ವಿದ್ಯೆ ಅವರದು, ಕಬ್ಬಿಣದ ವಿದ್ಯೆ ವೆಲ್ಡರಿನದು. ಮೂರು ಕಡೆ ಗಾಜು, ಒಳಗೆ ಮರದ ಪೀಠ, ಬೆನ್ನಿಗೆ ಹಲಗೆ. ಅಳತೆ ಬರೆದುಕೊಳ್ಳಲು ನನ್ನನ್ನೂ ಕರೆದುಕೊಂಡು ಹೋಗಿದ್ದರು. ಯಾರ ಅಳತೆಗೆ ಮಾಡುವುದು ಎಂದು ವೆಲ್ಡರ್ ತಲೆ ಕೆರೆದುಕೊಂಡಾಗ ಅವರೇ ಚಪ್ಪಲಿ ಬಿಟ್ಟು, ಪಂಚೆ ಎತ್ತಿಕಟ್ಟಿ, ಚೌಕಟ್ಟಿನೊಳಗೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು.

"ಸಾವ್ಕಾರ್ರೇ, ಏಳ್ರಿ, ಅಪಶಕುನ" ಎಂದ ವೆಲ್ಡರ್.

"ತಲೆ ತಾಗ್ತೈತೇನು ನೋಡಯ್ಯ. ನಂಗೂ ಒಂದಿನ ಇದೇ ಅಲ್ವಾ? ಆಮೇಲೆ ಬಿಗಿ ಆತು ಅಂತ ಹೇಳಾಕೆ ಬಾಯಿರಲ್ಲ."

ಎಲ್ಲರೂ ನಕ್ಕೆವು. ಕತ್ತು ಒಂದು ಕಡೆ ವಾಲದಂತೆ ಬಟ್ಟೆಯ ಪಟ್ಟಿ ಬೇಕು ಎಂದದ್ದೂ ಅವರೇ. ಕೂತು ನೋಡಿದ ಮೇಲೆ ಗೊತ್ತಾದದ್ದು. ಗಾಡಿಯ ಮೇಲೆ ಹೆಸರು ಬರೆಸೋಣವೇ ಎಂದು ಯಾರೋ ಕೇಳಿದರೆ, "ಬ್ಯಾಡ. ಸಣ್ಮಕ್ಳು ನನ್ ಹೆಸರು ಓದಿ ಹೆದ್ರಿಕೊಂಡಾವು" ಎಂದರು.

ಅವರನ್ನು ದೇವರು ಮಾಡಲು ನಾನು ಇದನ್ನು ಬರೆಯುತ್ತಿಲ್ಲ. ಸವಳಂಗದ್ದನ್ನೂ ಬರೆಯಬೇಕು. ಅಲ್ಲಿ ಕೂಲಿ ಮಾಡುವ ಹೆಂಗಸೊಬ್ಬಳು ತೀರಿಕೊಂಡಿದ್ದಳು. ಕೂರುವ ಪೆಟ್ಟಿಗೆ ಅವಳ ಮನೆಯಲ್ಲಿತ್ತು. ತಂಗಿ ಬಸ್ಸಿನಲ್ಲಿ ಬರುತ್ತಿದ್ದಳು. ಅದೇ ದಿನ ನ್ಯಾಮತಿಯಲ್ಲಿ ದೊಡ್ಡ ಮನೆಯ ಯಜಮಾನರೊಬ್ಬರು ಹೋದರು. ಹತ್ತು ಕಡೆಯಿಂದ ಹಾಲೇಶಪ್ಪನವರಿಗೆ ಫೋನು ಬಂತು. ಅವರು ಬಗ್ಗಿದರು. ನನಗೆ, "ಆ ಮನೆಯೋರಿಗೆ ಹೇಳಿ ತರಿಸ್ರಿ ತಂಗೀ" ಎಂದರು. ನಾನು ಮೆತ್ತಗಿನ ದನಿಯಲ್ಲೇ ಹೇಳಿದೆ. ಮೆತ್ತಗೆ ಹೇಳಿದ್ದಕ್ಕೇ ಅವರು ಎದುರಾಡಲಿಲ್ಲವೇನೋ. ಪೆಟ್ಟಿಗೆ ಹೋದ ಮೇಲೆ ಇಡುವಂತಿರಲಿಲ್ಲ, ಮಣ್ಣು ಮಾಡಿದರು. ತಂಗಿ ಬಂದಾಗ ಸಮಾಧಿಯ ಮೇಲಿನ ಹಸಿ ಮಣ್ಣಿನಲ್ಲಿ ಸನಿಕೆಯ ಗುರುತು ಇನ್ನೂ ಒಣಗಿರಲಿಲ್ಲ ಎಂದ ತಿಪ್ಪೇಶಣ್ಣ. "ಇನ್ನೊಂದ್ ತಾಸು ಕಾಯಾಕೆ ಆಗ್ಲಿಲ್ವಾ ನಿಮ್ಗೆ?" ಎಂದು ಅವಳು ಒಬ್ಬೊಬ್ಬರ ಮುಂದೆಯೂ ಹೋಗಿ ಕೇಳಿದಳಂತೆ, ಅವನ ಮುಂದೆಯೂ.

ಅದನ್ನು ಕೇಳಿದ ಮೇಲೆ ಹಾಲೇಶಪ್ಪನವರು ನಮ್ಮ ಮನೆಗೆ ಬಂದು, ಕಾಫಿ ಮುಟ್ಟದೆ, ನಿಂತೇ ಹೇಳಿದರು: "ಬರ್ಕೊಳ್ರಿ. ಒಂದ್ ಮನೆಗೆ ಹೋದ ಪೆಟ್ಟಿಗೆ ಮಣ್ಣು ಆಗೋತನಕ ಆ ಮನೇದು. ಯಾರ್ ಸತ್ರೂ ಸರಿ, ತರಬಾರ್ದು. ನಾನೇ ಫೋನ್ ಮಾಡಿ ತಾ ಅಂದ್ರೂ ತರಬಾರ್ದು." ನಾನು ಕಾನ್ವೆಂಟಿನ ದುಂಡು ಅಕ್ಷರದಲ್ಲಿ ಬರೆದುಕೊಂಡೆ. ಕೆಳಗೆ ಸಹಿ ಹಾಕಿ ಎಂದು ತಮಾಷೆಗೆ ಪೆನ್ನು ಕೊಟ್ಟರೆ, ನಗದೆ ಹಾಕಿದರು.

ನಡುವೆ ಏನೇನೋ ಬದಲಾಯಿತು. ಲ್ಯಾಂಡ್‌ಲೈನ್ ಹೋಗಿ ಮೊಬೈಲ್ ಬಂತು. ಮೊದಲು 'ಅರಳಿಮರ ದಾಟಿ ಎಡಕ್ಕೆ' ಎಂದು ಬರೆದುಕೊಳ್ಳುತ್ತಿದ್ದೆ. ಈಗ ಲೊಕೇಶನ್ ಕಳಿಸುತ್ತಾರೆ, ಕೆಲವರು ಕೇಳದಿದ್ದರೂ ಸತ್ತವರ ಫೋಟೋ ಕಳಿಸುತ್ತಾರೆ. ಫೋಟೋ ತೆರೆಯಬೇಡ ನೇತ್ರಾ. ಮುಖ ನೋಡಿದರೆ ಅಂದು ಒಲೆಯ ಮೇಲೆ ಹಾಲಿಟ್ಟದ್ದೂ ಮರೆತುಹೋಗುತ್ತದೆ.

ಈಗ, ಸಭೆಯಲ್ಲಿ ಯಾರೂ ಎತ್ತದ ಆ ಎರಡು ದಿನಗಳಿಗೆ ಬರುತ್ತೇನೆ.

ಕಡು ಬೇಸಿಗೆ. ಹಿಂದಿನ ದಿನ ಮಧ್ಯಾಹ್ನ ಕೂರುವ ಪೆಟ್ಟಿಗೆ ಜಗಳೂರಿನ ಆಚೆಯ ಒಂದು ಹಳ್ಳಿಗೆ ಹೋಗಿತ್ತು. ತೀರಿಕೊಂಡವಳು ಕುರಿ ಸಾಕುವವರ ಮನೆಯ ಹೆಂಗಸು. ಅವಳ ಗಂಡ ಮೇವು ಹುಡುಕಿಕೊಂಡು ಕುರಿ ಹೊಡೆದುಕೊಂಡು ದೂರ ಹೋಗಿದ್ದ. ಮಂದೆಯನ್ನು ಯಾರಿಗಾದರೂ ಒಪ್ಪಿಸಿ ಬರುವಷ್ಟರಲ್ಲಿ ಒಂದೂವರೆ ಎರಡು ದಿನ ಆಗುತ್ತದೆ ಎಂದಿದ್ದರು. ಕರೆಂಟು ಹೋದರೆ ಜನರೇಟರ್ ಹಾಕಲು ತಿಪ್ಪೇಶಣ್ಣ ಅಲ್ಲೇ ಉಳಿದಿದ್ದ.

ಬೆಳಿಗ್ಗೆ ಅಕ್ಕಿ ತೊಳೆಯುತ್ತಿದ್ದೆ. ಫೋನು ಬಂತು. ಹಾಲೇಶಪ್ಪನವರ ಮಗ ಮಲ್ಲಣ್ಣ. "ಅಕ್ಕಾ, ಅಪ್ಪ ಹೋದ್ರು."

ಗಿರಿಜಮ್ಮನ ಮನೆಯಿಂದ ಬಂದ ಮೇಲೆ ಅದೊಂದು ಸಲ ಮಾತ್ರ ಆ ಮೊದಲ ಪ್ರಶ್ನೆ ನಾನು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ.

"ನಾಕೂ ತಾಲ್ಲೂಕಿಂದ ಜನ ಬರ್ತಾರೆ. ನಾಳೆ ಮೂರು ಗಂಟೆಗೆ ಮಣ್ಣು. ಕೂರೋ ಪೆಟ್ಟಿಗೆ ಕಳಸ್ರಿ."

"ಮಲ್ಲಣ್ಣ, ಅದು ಜಗಳೂರಲ್ಲಿದೆ. ತೀರಿಕೊಂಡವಳ ಗಂಡ ಇನ್ನೂ ಬಂದಿಲ್ಲ."

"ಅವ್ರಿಗೆ ಐಸ್ ಕಳ್ಸಾಣ. ಪೆಟ್ಟಿಗೆ ತರ್ಸ್ರಿ."

"ಇಲ್ಲಿಂದ ಅಲ್ಲಿಗೆ ಐಸ್ ಹೋಗುವಷ್ಟರಲ್ಲಿ ಅರ್ಧ ಕರಗಿರುತ್ತೆ. ತರಬಾರದು ಅಂತ ಅಪ್ಪಾಜಿನೇ ಬರೆಸಿದ್ದಾರೆ."

"ಅಕ್ಕಾ!" ಎಂದರು ಮಲ್ಲಣ್ಣ. ಆ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಗಾಬರಿಯಿತ್ತು. "ಸತ್ತಿರೋದು ಅವ್ರೇ ಅಕ್ಕಾ."

ನಾನು ಫೋನಿಟ್ಟು ತಿಪ್ಪೇಶಣ್ಣನಿಗೆ ಮಾಡಿದೆ. ಅವನಿಗೆ ಸುದ್ದಿ ಆಗಲೇ ಹೋಗಿತ್ತು, ಅಳುತ್ತಿದ್ದ. "ಮಲ್ಲಣ್ಣ ಬಾ ಅಂತಾರೆ. ಇಲ್ಲಿ ಆ ಹೆಂಗ್ಸಿನ ಅವ್ವ ಪೆಟ್ಟಿಗೆ ಕಾಲಿಗೆ ಸೆರಗು ಕಟ್ಕೊಂಡ್ ಕೂತೈತೆ. ನಾನ್ ಏನ್ ಮಾಡ್ಲಿ ಹೇಳ್ರಕ್ಕ."

ನನ್ನ ಬೆರಳಿಗೆ ಅಕ್ಕಿ ತೊಳೆದ ನೀರು ಅಂಟಿತ್ತು. ಅದು ಒಣಗಿ ಬೆಳ್ಳಗಾಗುವುದನ್ನು ನೋಡುತ್ತಾ ನಿಂತಿದ್ದು ನೆನಪಿದೆ. ಸವಳಂಗದವಳ ಮಾತು ಕಿವಿಯಲ್ಲಿತ್ತು. ಇನ್ನೊಂದು ಕಡೆ ಆ ಲೋಟ ಹಿಡಿದ ಬಿಳುಚಿದ ಬೆರಳುಗಳು.

"ಅಲ್ಲೇ ಇರಿ ತಿಪ್ಪೇಶಣ್ಣ" ಎಂದೆ.

ನಾನು ಹಾಲೇಶಪ್ಪನವರ ಮನೆ ತಲುಪುವಾಗ ಅಂಗಳದ ತುಂಬ ಜನ. ದಾವಣಗೆರೆಯಲ್ಲಿ ವಿಚಾರಿಸಿದ್ದರು, ಮಲಗಿಸುವ ಪೆಟ್ಟಿಗೆ ಇತ್ತು, ಕೂರುವುದು ಸಿಕ್ಕಿರಲಿಲ್ಲ. ಮಲ್ಲಣ್ಣ ನನ್ನ ಕಡೆ ನೋಡಲಿಲ್ಲ. ಅವರ ಸೋದರಮಾವ ಎದ್ದು ಬಂದರು. "ಈಕೆ ಯಾರ್ರೀ ಬ್ಯಾಡ ಅನ್ನಾಕೆ? ಪೆಟ್ಟಿಗೆ ಯಾರ್ದು? ಗಾಡಿ ಯಾರ್ದು?"

ನಾನು ನೋಟ್‌ಬುಕ್ಕು ತಂದಿದ್ದೆ. ಸಹಿ ಇದ್ದ ಪುಟ ತೆಗೆದು ಹಿಡಿದೆ. ಅವರು ಓದಲಿಲ್ಲ. ಓದಿದವರು ಹಾಲೇಶಪ್ಪನವರ ಹೆಂಡತಿ ಪಾರ್ವತಮ್ಮ. ಕನ್ನಡಕ ಇರಲಿಲ್ಲ, ಪುಟವನ್ನು ದೂರ ಹಿಡಿದು, ಅಕ್ಷರವನ್ನು ಬಿಟ್ಟು ಸಹಿಯನ್ನೇ ನೋಡಿದರು. ಆಮೇಲೆ, "ಮಲ್ಲಾ, ಮಾತು ಸಾಕು. ಫ್ಯಾಕ್ಟರಿಗೆ ಹೋಗಿ ಐಸ್ ಹೊರ್ಸು" ಎಂದರು.

ಹಳೆಯ ಕೆಲಸಗಾರರು ಗಡ್ಡೆಗಳನ್ನು ಹೆಗಲ ಮೇಲೆ ಹೊತ್ತು ತಂದರು. ಗೋಣಿತಾಟು, ಭತ್ತದ ಹೊಟ್ಟು, ಎಲ್ಲ ಮೊದಲಿನಂತೆಯೇ. ನಡುಮನೆಯ ಗೋಡೆಗೆ ಒರಗಿ ಕೂತಿದ್ದ ಅವರ ಸುತ್ತ ಜೋಡಿಸಿದರು. ಒಂದು ತಾಟನ್ನು ನಾಲ್ಕು ಮಡಿಕೆ ಮಾಡಿ ಅವರ ಪಂಚೆಯ ಅಂಚಿಗೆ ಒಡ್ಡು ಕಟ್ಟಿದವಳು ನಾನು.

ಅಂದು ಸಂಜೆಯವರೆಗೆ ತಡೆಯಿತು. ಮಾರನೆಯ ದಿನ ಮತ್ತೆ ಮತ್ತೆ ಐಸ್ ಹೊತ್ತು ತಂದರೂ ತಡೆಯಲಿಲ್ಲ. ಕರಗಿದ ನೀರು ಮೆಟ್ಟಿಲಿಳಿದು ರಸ್ತೆಗೆ ಹರಿಯಿತು, ಜನ ಸೀರೆ ಪಂಚೆ ಎತ್ತಿಕೊಂಡು ದಾಟಿ ಬಂದರು. ಹಣೆಯ ವಿಭೂತಿ ತೇವಕ್ಕೆ ಜಾರಿತು. ಮೂರು ಸಲ ಹಚ್ಚಿದರು. ಮುಖ ಕಪ್ಪಿಟ್ಟಿತು. ಮಧ್ಯಾಹ್ನದ ಹೊತ್ತಿಗೆ ಊದಿನಕಡ್ಡಿಯ ಕಟ್ಟುಗಳನ್ನೇ ಹಚ್ಚಿಟ್ಟರೂ ವಾಸನೆ ಮುಚ್ಚಲಿಲ್ಲ. ಹಾರ ಹಾಕಲು ಬಂದವರು ಉಸಿರು ಬಿಗಿಹಿಡಿದು ಹಾಕಿ ಬೇಗ ಹಿಂದೆ ಸರಿದರು. ಅವರ ಬೆಂಚಿನ ಮೇಲೆ ಕೂತು ಓದಿದ ಹೆಣ್ಣುಮಕ್ಕಳು ಬಾಗಿಲಿಂದಲೇ ಕೈಮುಗಿದು ಹೋದರು.

"ನಾಕ್ ತಾಲ್ಲೂಕಿನ ಹೆಣ ಕಾದೋನಿಗೆ ತನ್ ಹೆಣಕ್ಕೊಂದ್ ಪೆಟ್ಟಿಗೆ ಇಲ್ದಂಗಾತು" ಎಂದ ಒಬ್ಬ ನನ್ನ ಹಿಂದೆ.

"ಅಗಾ, ಫೋನಿನಾಕೆ ಅವಳೇ" ಎಂದ ಇನ್ನೊಬ್ಬ.

ನಾನು ತಿರುಗಿ ನೋಡಲಿಲ್ಲ. ಒದ್ದೆ ತಾಟು ಹಿಂಡಿ ಮತ್ತೆ ಮಡಿಸಿ ಇಟ್ಟೆ. ಮೂರು ಗಂಟೆಗೆ ಅವರನ್ನು ಎತ್ತಿದರು.

ಮನೆಗೆ ಬಂದ ಮೇಲೆ ತಿಪ್ಪೇಶಣ್ಣ ಫೋನು ಮಾಡಿದ. ಜಗಳೂರಿನವನು ಆ ದಿನವೇ ಮಧ್ಯಾಹ್ನ ಬಂದನಂತೆ. ಹೆಗಲ ಮೇಲೆ ಕಂಬಳಿ, ಕಾಲಲ್ಲಿ ಒಡೆದ ಚಪ್ಪಲಿ. ಕಂಬಳಿಯ ತುದಿಯಿಂದ ಗಾಜಿನ ಮೇಲಿನ ಮಂಜು ಒರೆಸಿದ. ನೋಡಿದ. "ಸರಿ, ಎತ್ರಪ್ಪ" ಎಂದ. ಮಂದೆಯನ್ನು ಬೇರೆಯವರ ಕೈಗೆ ಕೊಟ್ಟು ಬಂದಿದ್ದ, ಮಣ್ಣು ಮುಗಿಸಿ ತಿರುಗಿ ಹೊರಟ.

ಹಾಲೇಶಪ್ಪನವರ ಹನ್ನೊಂದನೆಯ ದಿನದ ಊಟಕ್ಕೆ ಕರೆ ಬಂದಿತ್ತು. ಹೋಗಬಾರದೆಂದುಕೊಂಡವಳು ಹೋದೆ. ಕೊನೆಯ ಪಂಕ್ತಿಯಲ್ಲಿ ಕೂತೆ. ಮಲ್ಲಣ್ಣ ಸಾರಿನ ಬಕೆಟ್ಟು ಹಿಡಿದು ಬಂದವರು ನನ್ನ ಎಲೆಯ ಮುಂದೆ ನಿಂತರು.

"ಆ ಜಗಳೂರೋನು ಬಂದ್ನಾ ಅಕ್ಕಾ?"

"ಬಂದ."

"ನೋಡಿದ್ನಾ?"

"ನೋಡಿದ."

"ಎಷ್ಟೊತ್ತು?"

ಸುಳ್ಳು ಹೇಳಬಹುದಿತ್ತು. ಅವರಿಗೆ ಸಮಾಧಾನವಾಗುತ್ತಿತ್ತು, ನನಗೂ. "ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು ಮಲ್ಲಣ್ಣ" ಎಂದೆ.

ಅವರು ಸೌಟಿನಿಂದ ಬಕೆಟ್ಟಿನ ಸಾರನ್ನು ಸುಮ್ಮನೆ ತಿರುವಿದರು. ಅವರ ಕಣ್ಣು ನನ್ನ ಎಲೆಯ ಮೇಲಿತ್ತು. "ಅಷ್ಟಕ್ಕೆ" ಎಂದರು. ಅದು ಪ್ರಶ್ನೆಯೋ ಅಲ್ಲವೋ ತಿಳಿಯಲಿಲ್ಲ. ಸಾರು ಬಡಿಸಿ ಮುಂದಿನ ಎಲೆಗೆ ಹೋದರು.

ಆಮೇಲೆ ಎರಡು ತಿಂಗಳು ಅವರಿಂದ ಮಾತಿಲ್ಲ. ಪೆಟ್ಟಿಗೆಯ ಕೆಲಸ ನಿಂತುಹೋಗಬಹುದು ಎಂದುಕೊಂಡಿದ್ದೆ. ಕರೆಗಳು ಬರುತ್ತಿದ್ದವು, ಕಳಿಸುತ್ತಿದ್ದೆ, ಯಾರೂ ಬೇಡ ಎನ್ನಲಿಲ್ಲ. ಒಂದು ಬೆಳಿಗ್ಗೆ ಅವರ ಫೋನು ಬಂತು. ಹಿಂದಿನಿಂದ ಕಬ್ಬಿಣ ಕೊಯ್ಯುವ ಸದ್ದು ಕೇಳಿಸುತ್ತಿತ್ತು.

"ಅಕ್ಕಾ, ಹೊನ್ನಾಳೀಲಿ ವೆಲ್ಡಿಂಗ್ ಅಂಗಡೀಲಿ ಇದೀನಿ. ಇನ್ನೊಂದು ಕೂರೋದು ಮಾಡಿಸ್ತಿದೀನಿ. ಅಳತೆ ಇವನತ್ರ ಇಲ್ಲಂತೆ. ನಿಮ್ಮತ್ರ ಐತಾ?"

ಹಳೆಯ ನೋಟ್‌ಬುಕ್ಕಿನಲ್ಲಿತ್ತು. ನನ್ನ ದುಂಡು ಅಕ್ಷರ, ಅಂಚಿಗೆ ವೆಲ್ಡರ್ ಅಂಗಡಿಯ ಎಣ್ಣೆಯ ಬೆರಳಚ್ಚು. ಕನ್ನಡಕ ಹಾಕಿಕೊಂಡು ಓದಿದೆ: ಪೀಠದಿಂದ ನೆತ್ತಿಗೆ ಎರಡು ಅಡಿ ಹತ್ತು ಇಂಚು. ಭುಜದ ಅಗಲ ಒಂದು ಅಡಿ ಐದು ಇಂಚು. ಮೊಣಕಾಲಿನಿಂದ ಮೊಣಕಾಲಿಗೆ ಎರಡು ಅಡಿ ನಾಲ್ಕು ಇಂಚು.

ಮಲ್ಲಣ್ಣ ಒಂದೊಂದನ್ನೂ ತಿರುಗಿ ಹೇಳುತ್ತಾ ಬರೆದುಕೊಂಡರು. ಕೊನೆಯದನ್ನು ಬರೆದು ನಿಲ್ಲಿಸಿದರು.

"ಇದ್ಯಾರ ಅಳತೆ ಅಕ್ಕಾ?"

ನಾನು ಹೇಳಿದೆ. ಆ ಕಡೆ ಕಬ್ಬಿಣ ಕೊಯ್ಯುತ್ತಲೇ ಇತ್ತು. ಮಲ್ಲಣ್ಣ ಫೋನು ಇಡಲಿಲ್ಲ. ಆಗಿನ್ನೂ ನನ್ನ ಬಲಗಿವಿ ಚೆನ್ನಾಗಿ ಕೇಳುತ್ತಿತ್ತು. ಅವರು ಇಡುವವರೆಗೆ ನಾನೂ ಹಿಡಿದುಕೊಂಡು ನಿಂತೆ.